ಡ್ರೈವರ್ ಇಲ್ಲದ ಎಲ್‌ಇಡಿ ಪ್ಯಾನಲ್‌ಗಳನ್ನು ಚಿತ್ರೀಕರಣಕ್ಕೆ ತರಬೇಡಿ

ಕಿರುಚಿತ್ರ, ಸಾಕ್ಷ್ಯಚಿತ್ರ ಮಾಡುವವರ ನಡುವೆ ಒಂದು ಬಗೆಯ ಲೈಟು ಕೈಯಿಂದ ಕೈಗೆ ಓಡಾಡುತ್ತಿದೆ. ಅಲ್ಯುಮಿನಿಯಂ ಚೌಕಟ್ಟು, ಅದರ ಮೇಲೆ ಸಾಲಾಗಿ ಕೂರಿಸಿದ ನಾಲ್ಕಾರು ಎಲ್‌ಇಡಿ ಬಿಲ್ಲೆಗಳು, ಬೆನ್ನಿಗೆ ಬಿಸಿಯನ್ನು ಹೊರಹಾಕುವ ಲೋಹದ ಹೀಟ್‌ಸಿಂಕ್, ಒಂದು ವಯರು, ಒಂದು ಪ್ಲಗ್ಗು: ಇಷ್ಟೇ ಅದರ ರಚನೆ. ಗೋಡೆಯ ಕರೆಂಟನ್ನು ಎಲ್‌ಇಡಿಗೆ ತಕ್ಕಂತೆ ಇಳಿಸಿಕೊಡುವ ಡ್ರೈವರ್ ಎಂಬ ಪೆಟ್ಟಿಗೆ ಅದರಲ್ಲಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 50 ವ್ಯಾಟಿನ ಇಂಥ ಬಿಲ್ಲೆಗಳು ಪುಡಿಗಾಸಿಗೆ ಸಿಗುವುದರಿಂದ, ಸ್ವಲ್ಪ ಬೆಸುಗೆ ಬಲ್ಲವರು ತಾವೇ ಜೋಡಿಸಿ ಕಂಪನಿ ಲೈಟಿನ ನಾಲ್ಕನೇ ಒಂದು ಪಾಲು ಬಾಡಿಗೆಗೆ ಕೊಡುತ್ತಾರೆ. ನಾವು ಬಾಡಿಗೆಗೆ ತಂದದ್ದೂ ಅಂಥವನ್ನೇ. ಕೊಟ್ಟವರ ಹೆಸರು ಇಲ್ಲಿ ಬೇಡ. ಇಂಥವನ್ನು ಮಾಡುವವರು ಅವರೊಬ್ಬರೇ ಅಲ್ಲ, ತೊಂದರೆ ಇರುವುದು ಆ ರಚನೆಯಲ್ಲೇ. ಅದರಿಂದ ನಮ್ಮ ಲೈಟ್‌ಮನ್‌ಗೆ ಕರೆಂಟು ಹೊಡೆಯಿತು, ಚಿತ್ರೀಕರಿಸಿದ ದೃಶ್ಯಗಳಲ್ಲಿ ಒಂದು ದೊಡ್ಡ ಪಾಲು ಕೆಟ್ಟಿತು, ಮತ್ತು ಈ ಎರಡಕ್ಕೂ ಕಾರಣ ಒಂದೇ ಆಗಿತ್ತು.

ಚಿತ್ರೀಕರಣ ನಡೆದದ್ದು ತೀರ್ಥಹಳ್ಳಿ ಕಡೆಯ ಒಂದು ಹಳೆಯ ಮನೆಯಲ್ಲಿ, ಮಳೆಗಾಲದಲ್ಲಿ. ನಡುಮನೆಗೆ ರೆಡ್ ಆಕ್ಸೈಡ್ ನೆಲ. ಕ್ಯಾಮೆರಾದಲ್ಲಿ ಹೊಳಪು ಬರಲೆಂದು ಅದನ್ನು ಒದ್ದೆ ಬಟ್ಟೆಯಿಂದ ಒರೆಸಲಾಗಿತ್ತು. ಗೋಡೆಯಲ್ಲಿದ್ದದ್ದು ಎರಡು ಪಿನ್ನಿನ ಹಳೆಯ ಸಾಕೆಟ್ಟು. ಪ್ಯಾನಲ್‌ನ ಕೋನ ತಿರುಗಿಸಲು ಲೈಟ್‌ಮನ್ ಬರಿಗಾಲಿನಲ್ಲಿ ಹೋಗಿ ಹಿಂದಿನ ಹೀಟ್‌ಸಿಂಕಿಗೆ ಕೈಯಿಟ್ಟ ಕೂಡಲೇ ಹಿಂದಕ್ಕೆ ಬಿದ್ದರು. ಕೈ ಅಂಟಿಕೊಳ್ಳದೆ ಬಿಟ್ಟುಬಂದದ್ದು ಅದೃಷ್ಟ. ಎದ್ದು ಕುಳಿತವರು ಮೊದಲು ಹೇಳಿದ್ದು, "ಸಾರ್, ಬಾಡೀಲಿ ಕರೆಂಟ್ ಬರ್ತಿದೆ, ಯಾರೂ ಮುಟ್ಬೇಡಿ, ಮೊದ್ಲು ಆಫ್ ಮಾಡ್ಸಿ" ಎಂದು. ಆಸ್ಪತ್ರೆಗೆ ಕರೆದೊಯ್ದು ಇಸಿಜಿ ತೆಗೆಸಿದೆವು. ಹೃದಯಕ್ಕೆ ಏನೂ ಆಗಿರಲಿಲ್ಲ, ಆದರೆ ತೋಳಿನ ಜೋಮು ರಾತ್ರಿಯವರೆಗೂ ಇಳಿಯಲಿಲ್ಲ.

ಆ ಸಂಜೆಯೇ ಊರಿನ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ ಪರೀಕ್ಷೆ ಮಾಡಿಸಿದೆವು. ಹೀಟ್‌ಸಿಂಕಿಗೆ ಟೆಸ್ಟರ್ ತಾಗಿಸಿದರೆ ಅದರ ದೀಪ ಪೂರ್ತಿ ಹೊತ್ತಿಕೊಂಡಿತು. ಪ್ಲಗ್ಗನ್ನು ಕಿತ್ತು ತಿರುಗಿಸಿ ಚುಚ್ಚಿದರೆ ಆರಿತು. ಬಿಚ್ಚಿ ನೋಡಿದಾಗ ವಿಷಯ ತಿಳಿಯಿತು. ಒಂದು ಬಿಲ್ಲೆಯ ಮೂಲೆಯಲ್ಲಿ ವಯರನ್ನು ಬೆಸೆದ ಸೀಸದ ಉಂಡೆ ಸ್ವಲ್ಪ ಹರಡಿ ಪಕ್ಕದ ಸ್ಕ್ರೂ ತಲೆಗೆ ತಾಗಿತ್ತು. ಸ್ಕ್ರೂ ಹೀಟ್‌ಸಿಂಕಿಗೆ ಕಚ್ಚಿಕೊಂಡಿತ್ತು. ಆ ಬದಿಯ ವಯರಿಗೆ ಫೇಸ್ ಬಂದರೆ ಇಡೀ ಚೌಕಟ್ಟಿಗೆ 230 ವೋಲ್ಟ್. ನ್ಯೂಟ್ರಲ್ ಬಂದರೆ ಏನೂ ಇಲ್ಲದಂತೆ ತೆಪ್ಪಗಿರುತ್ತದೆ. ಎರಡು ಪಿನ್ನಿನ ಪ್ಲಗ್ಗನ್ನು ಹೇಗೆ ಬೇಕಾದರೂ ಚುಚ್ಚಬಹುದಾದ್ದರಿಂದ, ಅದೇ ಲೈಟು ಬೆಂಗಳೂರಿನಲ್ಲಿ ಯಾರಿಗೂ ಹೊಡೆಯದೆ ಇಲ್ಲಿ ಹೊಡೆದದ್ದರಲ್ಲಿ ವಿಚಿತ್ರವೇನೂ ಇರಲಿಲ್ಲ. ವಯರು ಎರಡೇ ಎಳೆಯದು, ಅರ್ಥಿಂಗ್ ಎಳೆಯೇ ಇಲ್ಲ. ಹಾಗಾಗಿ ಮೂರು ಪಿನ್ನಿನ ಒಳ್ಳೆಯ ಸಾಕೆಟ್ಟು ಸಿಕ್ಕಿದ್ದರೂ ಪ್ರಯೋಜನವಿರಲಿಲ್ಲ.

ಬೆಸುಗೆ ಕೆಟ್ಟದ್ದು ನಿಜ, ಆದರೆ ಅದನ್ನಷ್ಟೇ ದೂರಿದರೆ ಸಾಲದು. ಸಾಮಾನ್ಯವಾಗಿ ಎಲ್‌ಇಡಿಗೂ ಗೋಡೆಯ ಕರೆಂಟಿಗೂ ನಡುವೆ ಡ್ರೈವರ್ ಪೆಟ್ಟಿಗೆ ಇರುತ್ತದೆ. ಒಳ್ಳೆಯ ಡ್ರೈವರಿನಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದರಿಂದ ಒಳಬರುವ ಕರೆಂಟಿಗೂ ಹೊರಹೋಗುವುದಕ್ಕೂ ನೇರ ಸಂಪರ್ಕ ತಪ್ಪಿಹೋಗಿ ಎಲ್‌ಇಡಿ ಬದಿಗೆ 30–40 ವೋಲ್ಟಿನ ಡಿಸಿ ಮಾತ್ರ ತಲುಪುತ್ತದೆ, ಜೊತೆಗೆ ಕೆಪಾಸಿಟರ್ ಆ ಡಿಸಿಯನ್ನು ಏರಿಳಿತವಿಲ್ಲದಂತೆ ನೋಡಿಕೊಳ್ಳುತ್ತದೆ. ನಾನು ಹೇಳುತ್ತಿರುವ ಬಿಲ್ಲೆಗಳಲ್ಲಿ ಇವೆರಡೂ ಇಲ್ಲ. ಬಿಲ್ಲೆಯ ಮೇಲೆಯೇ ಎಸಿಯನ್ನು ಡಿಸಿ ಮಾಡುವ ಒಂದು ರೆಕ್ಟಿಫೈಯರ್, ಒಂದೆರಡು ಸಣ್ಣ ಐಸಿ. ಗೋಡೆಯ ಕರೆಂಟು ನೇರವಾಗಿ ಅಲ್ಲಿಗೇ ಬರುತ್ತದೆ. 230 ವೋಲ್ಟ್ ಎಂದು ನಾವು ಹೇಳುವ ಕರೆಂಟಿನ ಶಿಖರ ಸುಮಾರು 325 ವೋಲ್ಟ್. ಅದಕ್ಕೂ ನಮ್ಮ ಕೈ ಮುಟ್ಟುವ ಅಲ್ಯುಮಿನಿಯಂಗೂ ನಡುವೆ ಇರುವುದು ಕೂದಲೆಳೆಯಷ್ಟು ತೆಳುವಾದ ಒಂದು ನಿರೋಧಕ ಪದರ ಮಾತ್ರ. ಎತ್ತರದ ಕಂಬದಲ್ಲಿ ಯಾರ ಕೈಗೂ ಸಿಗದಂತೆ ಮುಚ್ಚಿಟ್ಟ ದೀಪಕ್ಕೆ ಅದು ಸರಿಹೋಗಬಹುದು. ಸೆಟ್ಟಿನಲ್ಲಿ ನಿಮಿಷಕ್ಕೊಮ್ಮೆ ಹಿಡಿದು ತಿರುಗಿಸುವ, ಸ್ಟ್ಯಾಂಡಿಗೆ ಏರಿಸಿ ಇಳಿಸುವ ಲೈಟಿಗೆ ಅದು ಯಾವ ಲೆಕ್ಕದಲ್ಲೂ ಸಲ್ಲದು.

ಇನ್ನು ಚಿತ್ರ ಕೆಟ್ಟ ಬಗೆ. ಬಾಡಿಗೆಗೆ ಕೊಡುವಾಗ ಅವರು ನಮ್ಮ ಎದುರೇ ಕ್ಯಾಮೆರಾ ಇಟ್ಟು, ಬಿಳಿ ಗೋಡೆಗೆ ಬೆಳಕು ಬಿಟ್ಟು, "ನೋಡಿ, ಪೂರ್ತಿ ಫ್ಲಿಕರ್ ಫ್ರೀ", ಅಂದರೆ ಮಿಣುಕೇ ಇಲ್ಲ, ಎಂದು ತೋರಿಸಿದ್ದರು. ಕ್ಯಾಮೆರಾ ಇದ್ದದ್ದು ಸೆಕೆಂಡಿಗೆ 25 ಫ್ರೇಮಿನಲ್ಲಿ, ಶಟರ್ 1/50 ಸೆಕೆಂಡಿನಲ್ಲಿ. ನಮ್ಮ ದೇಶದ ವಿದ್ಯುತ್ತು 50 ಹರ್ಟ್ಜ್. ಪ್ರತಿ ಆವರ್ತದಲ್ಲೂ ವೋಲ್ಟೇಜು ಎರಡು ಸಲ ಸೊನ್ನೆಗೆ ಇಳಿಯುತ್ತದೆ. ಕೆಪಾಸಿಟರ್ ಇಲ್ಲದ ಎಲ್‌ಇಡಿ ಆ ಎರಡೂ ಸಲ ನಿಜಕ್ಕೂ ಆರುತ್ತದೆ, ಅಂದರೆ ಸೆಕೆಂಡಿಗೆ 100 ಸಲ ಆರಿ ಹೊತ್ತುತ್ತದೆ. 1/50 ಶಟರಿನಲ್ಲಿ ಪ್ರತಿ ಫ್ರೇಮಿಗೂ, ಫ್ರೇಮಿನ ಪ್ರತಿ ಸಾಲಿಗೂ ಸರಿಯಾಗಿ ಎರಡು ಮಿಂಚು ದಕ್ಕುವುದರಿಂದ ಎಲ್ಲವೂ ಸಮನಾಗಿ ಕಾಣುತ್ತದೆ. ಹೀಗಾಗಿ ಎಂಥ ಕೆಟ್ಟ ಎಲ್‌ಇಡಿಯಾದರೂ ನಗರದ ಕರೆಂಟಿನಲ್ಲಿ, 1/50ರಲ್ಲಿ ಪಾಸಾಗಿಯೇ ತೀರುತ್ತದೆ. ಆ ಪ್ರದರ್ಶನದಿಂದ ಲೈಟಿನ ಗುಣ ತಿಳಿಯುವುದೇ ಇಲ್ಲ. ತೋರಿಸಿದವರಿಗೆ ಇದು ಗೊತ್ತಿತ್ತೋ ಇಲ್ಲವೋ, ನೋಡುವವರಿಗಂತೂ ಗೊತ್ತಿರಲೇಬೇಕು.

ನಮ್ಮ ಚಿತ್ರದಲ್ಲಿ ಒಂದು ದೃಶ್ಯ 100 ಫ್ರೇಮಿನ ಸ್ಲೋ ಮೋಷನ್. ಅದಕ್ಕೆ ಶಟರ್ 1/200. ಅಂದರೆ ಒಂದೊಂದು ಸಾಲು ಬೆಳಕಿಗೆ ತೆರೆದುಕೊಳ್ಳುವುದು 5 ಮಿಲಿಸೆಕೆಂಡು ಮಾತ್ರ, ಮಿಂಚುಗಳ ನಡುವಿನ ಅಂತರವೋ 10 ಮಿಲಿಸೆಕೆಂಡು. ಇಂದಿನ ಬಹುಪಾಲು ಕ್ಯಾಮೆರಾಗಳ ಸೆನ್ಸರ್ ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದುವುದರಿಂದ ಕೆಲವು ಸಾಲುಗಳಿಗೆ ಮಿಂಚಿನ ತುದಿ ಸಿಕ್ಕಿತು, ಕೆಲವಕ್ಕೆ ಕತ್ತಲು ಸಿಕ್ಕಿತು. ಪಾತ್ರಧಾರಿಣಿಯ ಹಣೆಗೆ ಬೆಳಕು, ಬಾಯಿಯ ಮೇಲೆ ಅಡ್ಡ ನೆರಳಿನ ಪಟ್ಟಿ. ಅದನ್ನು ಮಾನಿಟರಿನಲ್ಲೇ ಕಂಡು ಆ ದೃಶ್ಯವನ್ನು ಬಿಟ್ಟೆವು.

ಕಣ್ಣಿಗೆ ಬೀಳದೆ ಹೋದದ್ದು ಉಳಿದ ಸಾಮಾನ್ಯ ದೃಶ್ಯಗಳು. ಮಳೆಗೆ ಕರೆಂಟು ಹೋಗುವುದು ಮಲೆನಾಡಿನಲ್ಲಿ ಹೊಸತಲ್ಲ, ಅದಕ್ಕೆಂದೇ ಒಂದು ಸಣ್ಣ ಪೆಟ್ರೋಲ್ ಜನರೇಟರ್ ಒಯ್ದಿದ್ದೆವು. ಅಂಥ ಜನರೇಟರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ಸುತ್ತಿದರೆ 50 ಹರ್ಟ್ಜ್ ಬರುತ್ತದೆ; ಹೊರೆ ಹೆಚ್ಚಾಗಿ ಸುತ್ತು 2850ಕ್ಕೆ ಇಳಿದರೆ 47.5 ಹರ್ಟ್ಜ್. ಮಿಂಚು ಆಗ 100ರ ಬದಲು 95. 1/50ರ ಲೆಕ್ಕ ಅಲ್ಲಿಗೆ ತಪ್ಪಿತು. ಪಟ್ಟಿಗಳು ಕಪ್ಪಾಗಿ ಬರಲಿಲ್ಲ. ಸುಣ್ಣದ ಗೋಡೆಯ ಮೇಲೆ ಎರಡು ಅಗಲವಾದ ಮಬ್ಬು ಪಟ್ಟಿಗಳು ಮೇಲೆ ಕೆಳಗೆ ಹರಿದಾಡುತ್ತಿದ್ದವು, ಐದು ಇಂಚಿನ ಮಾನಿಟರಿನಲ್ಲಿ ಅದು ತಿಳಿಯುವಂತಿರಲಿಲ್ಲ. ಸಂಕಲನದ ದೊಡ್ಡ ಪರದೆಯಲ್ಲಿ ಮಾತ್ರ ಗೋಡೆಯೇ ಉಸಿರಾಡುತ್ತಿತ್ತು. ಕರೆಂಟು ಇದ್ದಾಗಿನ ದೃಶ್ಯಗಳಿಗೆ ಬೇರೆಯೇ ಕಾಯಿಲೆ: ಸಂಜೆ ವೋಲ್ಟೇಜು ಇಳಿದಂತೆ ಈ ಬಿಲ್ಲೆಗಳ ಬೆಳಕು ವಿಪರೀತವಾಗಿ ಕುಸಿಯುತ್ತದೆ, ಏಕೆಂದರೆ ಇಳಿತವನ್ನು ಸರಿದೂಗಿಸುವ ಡ್ರೈವರ್ ಅಲ್ಲಿಲ್ಲ. ಒಂದೇ ಸಂಭಾಷಣೆಯ ಎರಡು ಶಾಟುಗಳಲ್ಲಿ ಬೆಳಕು ಹೊಂದಲಿಲ್ಲ.

ಸಾಫ್ಟ್‌ವೇರಿನಲ್ಲಿ ಸರಿಮಾಡಬಹುದಲ್ಲ ಎನ್ನುವವರಿದ್ದಾರೆ. ಡಾವಿಂಚಿ ರಿಸಾಲ್ವ್ ಎಂಬ ಸಂಕಲನ ಸಾಫ್ಟ್‌ವೇರಿನಲ್ಲಿ ಮಿಣುಕು ಅಳಿಸುವ ಡಿಫ್ಲಿಕರ್ ಸೌಲಭ್ಯ ಇದೆ, ಆದರೆ ಹಣ ಕೊಟ್ಟು ಕೊಳ್ಳುವ ಸ್ಟುಡಿಯೊ ಆವೃತ್ತಿಯಲ್ಲಿ ಮಾತ್ರ. ಇಡೀ ಫ್ರೇಮು ಒಟ್ಟಿಗೆ ಮಿಣುಕಿದರೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಪಟ್ಟಿಗಳು ಹರಿದಾಡುತ್ತಿರುವಾಗ, ಅದರ ಎದುರಿಗೆ ನಟರೂ ಓಡಾಡುತ್ತಿರುವಾಗ, ಗೋಡೆ ಸರಿಹೋದರೆ ಮುಖದ ಅಂಚು ಕಲಸಿಹೋಗುತ್ತದೆ. ನಮಗೆ ಉಳಿದದ್ದು ಕೆಲವು ಸ್ಥಿರ ಶಾಟುಗಳು ಮಾತ್ರ.

ಬಣ್ಣದ ವಿಷಯವನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಬೆಳಕು ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಎಂದು ನೂರಕ್ಕೆ ಅಳೆಯುವ ಅಂಕಿ ಸಿಆರ್‌ಐ. ಅಗ್ಗದ ಬಿಲ್ಲೆಗಳಲ್ಲಿ ಅದು 70–80ರ ಆಸುಪಾಸು, ಅದೂ ಬರೆದಿದ್ದರೆ. ಆ ಅಂಕಿ ಎಂಟು ತೆಳುಬಣ್ಣಗಳ ಸರಾಸರಿ. ಗಾಢ ಕೆಂಪನ್ನು ಅಳೆಯುವ ಆರ್9 ಅದರಲ್ಲಿ ಸೇರುವುದೇ ಇಲ್ಲ. ನಮ್ಮ ಕಂದು ಚರ್ಮಕ್ಕೆ ಜೀವ ಬರುವುದು ಆ ಕೆಂಪಿನಿಂದ. ಅದಿಲ್ಲದೆ ಮುಖಗಳು ಹಸಿರು ಹತ್ತಿ, ಜ್ವರದಿಂದ ಎದ್ದವರಂತೆ ಕಂಡವು. ಲೈಟಿನ ಮುಂದೆ ಮೆಜೆಂಟಾ ಬಣ್ಣದ ಪಾರದರ್ಶಕ ಹಾಳೆ (ಜೆಲ್) ಹಾಕಿದರೆ ಹಸಿರು ಇಳಿಯುತ್ತದೆ, ಆದರೆ ಬೆಳಕಿನಲ್ಲೇ ಇಲ್ಲದ ಕೆಂಪನ್ನು ಯಾವ ಜೆಲ್ಲೂ ತಂದುಕೊಡಲಾರದು.

ಲೈಟುಗಳನ್ನು ಹಿಂದಿರುಗಿಸುವಾಗ ಸ್ಕ್ರೂ ತಾಗಿದ್ದ ಜಾಗದ ಫೋಟೊವನ್ನು ತೋರಿಸಿದೆವು. ಚಪ್ಪಲಿ ಹಾಕಿಕೊಂಡು ಮುಟ್ಟಬೇಕಿತ್ತು ಎಂಬ ಉತ್ತರ ಬಂತು; ಪಟ್ಟಿಗಳಿಗೆ ನಮ್ಮ ಕ್ಯಾಮೆರಾ ಸೆಟ್ಟಿಂಗ್ ಕಾರಣವಂತೆ. ಮುಂಗಡ ಮರಳಲಿಲ್ಲ. ಹಣದ ವಿಷಯಕ್ಕಿಂತ ನನಗೆ ಸಿಟ್ಟು ತರಿಸಿದ್ದು ಚಪ್ಪಲಿಯ ಮಾತು. ದಿನಗೂಲಿಗೆ ಬರುವ ಲೈಟ್‌ಮನ್‌ಗೆ ಸಾಮಾನ್ಯವಾಗಿ ಯಾವ ವಿಮೆಯೂ ಇರುವುದಿಲ್ಲ, ಸಣ್ಣ ಚಿತ್ರ ಮಾಡುವ ನಮ್ಮಂಥವರು ಮಾಡಿಸುವುದೂ ಇಲ್ಲ. ಹಾಗಿರುವಾಗ ಅಗ್ಗದ ಲೈಟಿನ ಅಪಾಯವನ್ನೆಲ್ಲ ಅತಿ ಕಡಿಮೆ ಸಂಬಳದವನ ಕೈಗೆ ಕೊಟ್ಟಂತಾಯಿತು.

ಬಾಡಿಗೆಗೆ ತರುವ ಮುಂಚೆ ಈ ಲೈಟುಗಳನ್ನು ಗುರುತಿಸುವುದು ಕಷ್ಟವಲ್ಲ. ಪ್ಲಗ್ಗು ಚುಚ್ಚದೆಯೇ ಹಿಂಬದಿ ನೋಡಿ: ಗೋಡೆಯಿಂದ ಬರುವ ವಯರು ನಡುವೆ ಯಾವ ಪೆಟ್ಟಿಗೆಯನ್ನೂ ಹೊಗದೆ ನೇರ ಬಿಲ್ಲೆಗೆ ಹೋಗುತ್ತಿದ್ದರೆ, ಅಥವಾ ಬಿಲ್ಲೆಯ ಮೇಲೆ 220 ವೋಲ್ಟ್ ಎಂದು ಅಚ್ಚಾಗಿದ್ದರೆ, ಮುಂದಿನ ಮಾತೇ ಬೇಡ. ಪೆಟ್ಟಿಗೆ ಇದ್ದರೆ ಅದರ ಮೇಲೆ ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ಗುರುತು ಮತ್ತು ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ಎಲ್‌ಇಡಿ ಡ್ರೈವರುಗಳಿಗೆ ಇದು ಕಡ್ಡಾಯ, ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆಯನ್ನು ಹಾಕಿ ನಿಜವೋ ಸುಳ್ಳೋ ತಿಳಿಯಬಹುದು. ವಯರು ಮೂರು ಎಳೆಯದಾಗಿರಬೇಕು, ಮೂರನೆಯ ಎಳೆ ಲೋಹದ ಚೌಕಟ್ಟಿಗೆ ಗಟ್ಟಿಯಾಗಿ ಸೇರಿರಬೇಕು. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಪ್ಲಗ್ಗಿನ ದೊಡ್ಡ ಪಿನ್ನಿಗೆ, ಇನ್ನೊಂದನ್ನು ಬಣ್ಣ ಬಳಿಯದ ಲೋಹಕ್ಕೆ ಇಟ್ಟರೆ ಬೀಪ್ ಕೇಳಬೇಕು. ಎಕ್ಸ್‌ಟೆನ್ಷನ್ ಬೋರ್ಡಿಗೆ ಕರೆಂಟು ಸೋರಿದ ಕೂಡಲೇ ತಾನೇ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚನ್ನು ಹಾಕಿಸಿಕೊಳ್ಳಿ. ಆದರೆ ನ್ಯೂಟ್ರಲ್ಲನ್ನು ಭೂಮಿಗೆ ಕಟ್ಟಿರದ ಸಣ್ಣ ಜನರೇಟರಿನಲ್ಲಿ ಅದು ಕೆಲಸ ಮಾಡದೇ ಇರಬಹುದು ಎಂಬುದನ್ನು ನೆನಪಿಡಿ.

ಮಿಣುಕು ನೋಡಲು 1/50ನ್ನು ಮರೆತುಬಿಡಿ. ಫೋನಿನ ಸ್ಲೋ ಮೋಷನ್ನಿನಲ್ಲಿ 240 ಫ್ರೇಮಿಗೆ ಇಟ್ಟೋ, ಕ್ಯಾಮೆರಾದ ಶಟರನ್ನು 1/1000ಕ್ಕೆ ಏರಿಸಿಯೋ ಬೆಳಕು ಬಿದ್ದ ಗೋಡೆಯನ್ನು ಸೆರೆಹಿಡಿಯಿರಿ. ಡಿಮ್ಮರ್ ಇದ್ದರೆ ಪೂರ್ತಿ ಇಳಿಸಿ ಮತ್ತೊಮ್ಮೆ ಹಿಡಿಯಿರಿ. ಅನೇಕ ಲೈಟುಗಳು ಪೂರ್ಣ ಬೆಳಕಿನಲ್ಲಿ ಸಭ್ಯವಾಗಿದ್ದು ಅರ್ಧಕ್ಕಿಳಿಸಿದಾಗ ಬಣ್ಣ ಬಯಲು ಮಾಡುತ್ತವೆ. 24 ಫ್ರೇಮಿನಲ್ಲಿ ಚಿತ್ರೀಕರಿಸುವವರು 180 ಡಿಗ್ರಿ ಶಟರ್ (ಪ್ರತಿ ಫ್ರೇಮಿನ ಅರ್ಧ ಹೊತ್ತು ತೆರೆದಿರುವುದು) ಅಂದರೆ 1/48 ಎಂಬುದನ್ನು ಗಮನಿಸಬೇಕು; ನಮ್ಮ ಕರೆಂಟಿಗೆ ಹೊಂದಬೇಕಾದರೆ 172.8 ಡಿಗ್ರಿ ಇಡಬೇಕು.

ಕಡಿಮೆ ಹಣದಲ್ಲಿ ಚಿತ್ರ ಮಾಡಬಾರದೆಂದು ನಾನು ಹೇಳುತ್ತಿಲ್ಲ, ನಾವು ಮುಂದಿನ ದೃಶ್ಯಗಳನ್ನು ಮುಗಿಸಿದ್ದೂ ಕಡಿಮೆ ಹಣದಲ್ಲೇ. ಕಿಟಕಿಯ ಬೆಳಕಿಗೆ ಎದುರು ಬಿಳಿ ಥರ್ಮೋಕೋಲ್ ಹಲಗೆ, ಬಾಗಿಲಿಗೆ ಬಟರ್ ಪೇಪರ್, ಗೋಡೆಗೆ ತಿರುಗಿಸಿದ 500 ವ್ಯಾಟಿನ ಹ್ಯಾಲೋಜೆನ್. ಹ್ಯಾಲೋಜೆನ್‌ನ ತಂತಿ ಕಾದೇ ಇರುವುದರಿಂದ ಮಿಣುಕು ತೀರ ಅಲ್ಪ, ಬಣ್ಣವೂ ನಿಷ್ಕಳಂಕ. ಆದರೆ ಅದರ ಹತ್ತಿರ ಥರ್ಮೋಕೋಲ್ ಒಯ್ಯಬಾರದು, ಹತ್ತಿಕೊಳ್ಳುತ್ತದೆ. ಇಕ್ಕಟ್ಟಿನ ಜಾಗಕ್ಕೆ 95ಕ್ಕೂ ಮೇಲಿನ ಸಿಆರ್‌ಐ ಇರುವ 12 ವೋಲ್ಟಿನ ಎಲ್‌ಇಡಿ ಪಟ್ಟಿಯನ್ನು ಬ್ಯಾಟರಿಯಿಂದ ನೇರ ಉರಿಸಿದರೆ ಮಿಣುಕೂ ಇಲ್ಲ, ಕರೆಂಟು ಹೊಡೆಯುವ ಭಯವೂ ಇಲ್ಲ, ಡಿಮ್ಮರ್ ಮಾತ್ರ ಸೇರಿಸಬಾರದು.

ಈಗಾಗಲೇ ಇಂಥ ಪ್ಯಾನಲ್ ಮಾಡಿಕೊಂಡಿರುವವರು ಚೌಕಟ್ಟನ್ನೂ ಹೀಟ್‌ಸಿಂಕನ್ನೂ ಎಸೆಯಬೇಕಾಗಿಲ್ಲ. ಬಿಲ್ಲೆಗಳನ್ನು ತೆಗೆದು 36 ವೋಲ್ಟಿನ ಒಳ್ಳೆಯ ಸಿಆರ್‌ಐ ಎಲ್‌ಇಡಿ ಹಾಕಿ, ಬಿಐಎಸ್ ಗುರುತಿನ ಐಸೊಲೇಟೆಡ್ (ಗೋಡೆಯ ಕರೆಂಟಿನ ನೇರ ಸಂಪರ್ಕ ತಪ್ಪಿಸುವ) ಡ್ರೈವರ್ ಕೂರಿಸಿ, ಮೂರು ಎಳೆಯ ವಯರನ್ನು ಬಲ್ಲ ಎಲೆಕ್ಟ್ರಿಷಿಯನ್ ಕೈಯಲ್ಲಿ ಕಟ್ಟಿಸಿ. ಐಸೊಲೇಟೆಡ್ ಎಂದ ಮಾತ್ರಕ್ಕೆ ಮಿಣುಕಿಲ್ಲವೆಂದು ಅರ್ಥವಲ್ಲ, ಅಂಗಡಿಯಲ್ಲೇ ಹೊತ್ತಿಸಿ ಫೋನಿನಲ್ಲಿ ನೋಡಿ ಕೊಳ್ಳಿ. ಕಿತ್ತ ಬಿಲ್ಲೆಗಳನ್ನು ಅರ್ಧ ಬೆಲೆಗೆ ಯಾರಿಗೂ ಮಾರಬೇಡಿ, ಇನ್ನೊಬ್ಬರ ಚೌಕಟ್ಟಿಗೆ ಸೇರಿಬಿಡುತ್ತವೆ, ಇ-ತ್ಯಾಜ್ಯಕ್ಕೆ ಹಾಕಿ.