ಹೃದಯದ ರಂಧ್ರ: ಮುಚ್ಚುವ ಸಾಧನವೋ, ತೆರೆದ ಶಸ್ತ್ರಚಿಕಿತ್ಸೆಯೋ?

ನಲವತ್ತರ ವಯಸ್ಸಿನಲ್ಲಿ ಪತ್ತೆಯಾದ, ಹೃದಯದ ಮೇಲಿನ ಕೋಣೆಗಳ ನಡುವಿನ ಜನ್ಮಜಾತ ರಂಧ್ರಕ್ಕೆ ಯಾವ ಚಿಕಿತ್ಸೆ ಸೂಕ್ತವೆಂದು ಮಡಿಕೇರಿಯ ಬೆಳೆಗಾರರೊಬ್ಬರು ಕೇಳಿದ್ದಾರೆ. ಇದನ್ನು ಮೊದಲು ನಿರ್ಧರಿಸುವುದು ರಂಧ್ರದ ಜಾಗ: ಅದು ಗೋಡೆಯ ನಡುವೆಯಿದ್ದು ಸುತ್ತ ಸಾಕಷ್ಟು ಅಂಚಿದ್ದರೆ ತೊಡೆಯ ರಕ್ತನಾಳದ ಮೂಲಕ ಸಾಧನವನ್ನು ಕೂರಿಸಬಹುದು; ಕವಾಟ ಅಥವಾ ಮಹಾಸಿರೆಯ ಬಳಿಯಿದ್ದರೆ ಶಸ್ತ್ರಚಿಕಿತ್ಸೆಯೇ ಬೇಕು.

ಸಾಧನ ಕೂರಿಸಿದವರು ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಮನೆ ಸೇರುತ್ತಾರೆ, ಆದರೆ ಕನಿಷ್ಠ 6 ತಿಂಗಳು ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗಬೇಕು. ಶಸ್ತ್ರಚಿಕಿತ್ಸೆಯಲ್ಲಿ ಸೀಳಿದ ಎದೆಮೂಳೆ ಕೂಡಲು 6ರಿಂದ 8 ವಾರ ಹಿಡಿಯುವುದರಿಂದ, ಕಾಫಿ ಕೊಯ್ಲಿನಲ್ಲಿ ಮೂಟೆ ಹೊರುವವರು, ತುರ್ತಿಲ್ಲದಿದ್ದರೆ, ವೈದ್ಯರೊಡನೆ ಮಾತಾಡಿ ಕೊಯ್ಲು ಮುಗಿದ ಮೇಲಿನ ದಿನವನ್ನು ಆರಿಸಿಕೊಳ್ಳುವುದು ಒಳ್ಳೆಯದು.

ರಂಧ್ರ ಚಿಕ್ಕದಿದ್ದು ಹೃದಯದ ಬಲಭಾಗ ಹಿಗ್ಗಿಲ್ಲದಿದ್ದರೆ, ನಿಯಮಿತವಾಗಿ ಎಕೋ (ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆ) ಮಾಡಿಸುತ್ತ ಕಾಯಬಹುದು. ಆದರೆ ಶ್ವಾಸಕೋಶದ ರಕ್ತದೊತ್ತಡ ವಿಪರೀತ ಏರಿ ಮೈ ನೀಲಿಗಟ್ಟಿದವರಲ್ಲಿ ರಂಧ್ರ ಮುಚ್ಚುವುದೇ ಅಪಾಯ.