ಕಿರುಗುಟ್ಟುವ ಪುಲ್ಲಿಗೆ ಮೂರು ರಿಪೇರಿ: ಬೇರಿಂಗ್ ಮಾತ್ರವೋ, ಅಂಗಡಿಯ ಪುಲ್ಲಿಯೋ, ಪೂರ್ತಿ ಟೆನ್ಷನರೋ?

ಬಾನೆಟ್ಟಿನ ಒಳಗಿನಿಂದ ಕಿರುಗುಟ್ಟುವ ಸದ್ದು ಬಂದರೆ ನಮ್ಮ ಕಡೆ ಮೊದಲು ಬದಲಾಗುವುದು ಬೆಲ್ಟು. ನಾನೂ ಹಾಗೆಯೇ ಮಾಡಿದೆ. ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿಯಿಂದ ಗದಗಿಗೆ ವಾರಕ್ಕೆ ಮೂರು ಸಲ ಓಡಾಡುವ ನನ್ನ ಹಳೆಯ ಡೀಸೆಲ್ ಕಾರಿಗೆ ಹೊಸ ಬೆಲ್ಟು ಹಾಕಿಸಿಕೊಂಡು ಹೊರಟೆ. ಅಣ್ಣಿಗೇರಿ ದಾಟುವುದರೊಳಗೆ ಅದೇ ಸದ್ದು ಮತ್ತೆ ಶುರುವಾಯಿತು. ಕೆಟ್ಟಿದ್ದು ಬೆಲ್ಟಲ್ಲ, ಅದಕ್ಕೆ ದಾರಿ ತೋರಿಸುವ ಪುಲ್ಲಿಗಳು: ಒಂದು ಸುಮ್ಮನೆ ತಿರುಗುವ ಐಡ್ಲರ್, ಇನ್ನೊಂದು ಸ್ಪ್ರಿಂಗಿನ ತೋಳಿನಿಂದ ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರಿನದು. ಆಮೇಲಿನ ಎರಡು ವರ್ಷಗಳಲ್ಲಿ ಅದೇ ಕಾರಿನ ಮೇಲೆ ಮೂರು ಬಗೆಯ ರಿಪೇರಿಗಳನ್ನು ಮಾಡಿ ನೋಡಿದೆ. ಒಂದೊಂದೂ ಎಷ್ಟು ದಿನ ನಿಂತಿತು, ಎಲ್ಲಿ ಕೈಕೊಟ್ಟಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಹೇಳುತ್ತಿರುವುದು ಎಂಜಿನ್ನಿನ ಹೊರಗೆ ಕಾಣುವ ಬೆಲ್ಟಿನ ವಿಷಯ. ಹಳಬರು ಇಂದಿಗೂ ಇದನ್ನು ಫ್ಯಾನ್ ಬೆಲ್ಟ್ ಎನ್ನುತ್ತಾರೆ. ಡೈನಮೋ (ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್), ಎಸಿ ಕಂಪ್ರೆಸರ್, ಕೆಲವು ಕಾರುಗಳಲ್ಲಿ ನೀರಿನ ಪಂಪು ಮತ್ತು ಪವರ್ ಸ್ಟೀರಿಂಗ್ ಪಂಪು ಇದರಿಂದಲೇ ತಿರುಗುತ್ತವೆ. ಬೆಲ್ಟಿನ ಮೇಲೆ 6ಪಿಕೆ ಎಂದು ಬರೆದಿದ್ದರೆ ಅದಕ್ಕೆ ಆರು ಏಣುಗಳಿವೆ ಎಂದರ್ಥ. ಎಂಜಿನ್ನಿನ ಕವರಿನ ಹಿಂದಿರುವ ಟೈಮಿಂಗ್ ಬೆಲ್ಟ್ ಬೇರೆಯೇ. ಅದಕ್ಕೆ ಮನೆಯ ಅಂಗಳದಲ್ಲಿ ಕೈ ಹಾಕಬೇಡಿ.

ರಿಪೇರಿಗಿಂತ ಮೊದಲು ಪತ್ತೆ. ಇದಕ್ಕೂ ಮೂರು ದಾರಿಗಳನ್ನು ಬಳಸಿ ನೋಡಿದ್ದೇನೆ, ಮೂರಕ್ಕೂ ಒಂದೇ ಬೆಲೆ ಇಲ್ಲ.

ಮೊದಲನೆಯದು ನೀರು. ಎಂಜಿನ್ ಐಡಲ್‌ನಲ್ಲಿ ಓಡುತ್ತಿರುವಾಗ ಬೆಲ್ಟಿನ ಏಣುಗಳಿರುವ ಬದಿಗೆ ದೂರದಿಂದ ಸ್ವಲ್ಪ ನೀರು ಸಿಂಪಡಿಸಬೇಕು. ಚಿಲಿಪಿಲಿಯಂಥ ಸದ್ದು ಕ್ಷಣ ಹೊತ್ತು ನಿಂತು ಮತ್ತೆ ಬಂದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ. ಸದ್ದು ಇನ್ನೂ ಜೋರಾದರೆ ಬೆಲ್ಟು ಜಾರುತ್ತಿದೆ, ಬಿಗಿ ಸಾಲದು. ನೀರು ಬಿದ್ದರೂ ಸದ್ದಿನಲ್ಲಿ ಏನೂ ಬದಲಾಗದಿದ್ದರೆ ಬೇರಿಂಗಿನ ಮೇಲೆ ಅನುಮಾನ ಪಡಬೇಕು. ನನ್ನ ಕಾರಿನಲ್ಲಿ ಏನೂ ಬದಲಾಗಲಿಲ್ಲ.

ಎರಡನೆಯದು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಪುಲ್ಲಿಯ ನಡುವಿನ ಬೋಲ್ಟಿಗೆ ತಾಗಿಸಿ, ಹಿಡಿಕೆಗೆ ಕಿವಿ ಕೊಡುವುದು. ಗ್ಯಾರೇಜುಗಳಲ್ಲಿ ಎಲ್ಲರೂ ಮಾಡುವುದು ಇದನ್ನೇ. ನಾನು ಇದನ್ನು ಅಷ್ಟಾಗಿ ನಂಬುವುದಿಲ್ಲ. ಒಂದೇ ಬ್ರಾಕೆಟ್ಟಿಗೆ ಕೂತ ಡೈನಮೋಗೂ ಐಡ್ಲರ್ ಪುಲ್ಲಿಗೂ ನಡುವೆ ಸದ್ದು ಲೋಹದಲ್ಲೇ ಹರಿದು ಹೋಗುತ್ತದೆ. ಈ ವಿಧಾನವನ್ನು ನಂಬಿ ನಾನು ಸರಿಯಾಗಿಯೇ ಇದ್ದ ಡೈನಮೋವನ್ನು ಬಿಚ್ಚಿಸುವುದರಲ್ಲಿದ್ದೆ. ಓಡುವ ಬೆಲ್ಟಿನ ಪಕ್ಕಕ್ಕೆ ಕೈ ಒಯ್ಯುವ ಅಪಾಯ ಬೇರೆ.

ಮೂರನೆಯದು ಬೆಲ್ಟು ತೆಗೆದು ಒಂದೊಂದೇ ಪುಲ್ಲಿಯನ್ನು ಕೈಯಿಂದ ತಿರುಗಿಸುವುದು. ಅರ್ಧ ಗಂಟೆ ಹೆಚ್ಚು ಹಿಡಿಯುತ್ತದೆ, ಆದರೆ ಖಚಿತ ಉತ್ತರ ಸಿಗುವುದು ಇಲ್ಲಿಯೇ. ಎಂಜಿನ್ ತಣ್ಣಗಿರಲಿ, ಕೀಲಿ ಜೇಬಿನಲ್ಲಿರಲಿ, ಬ್ಯಾಟರಿಯ ಮೈನಸ್ ಬಿಚ್ಚಿರಲಿ. ಬೆಲ್ಟು ಹಾದುಹೋಗುವ ದಾರಿಯ ಫೋಟೋವನ್ನು ಮೊದಲೇ ತೆಗೆದಿಟ್ಟುಕೊಳ್ಳಿ. ಬಿಚ್ಚಿದ ಮೇಲೆ ನೆನಪು ಕೈಕೊಡುತ್ತದೆ. ಪುಲ್ಲಿಯ ಅಂಚನ್ನು ಎರಡೂ ಕಡೆ ಹಿಡಿದು ಅಲುಗಾಡಿಸಿ. ಕೂದಲೆಳೆಯಷ್ಟು ಲೂಸ್ ಸಿಕ್ಕರೂ ಆ ಬೇರಿಂಗಿನ ಕಾಲ ಮುಗಿದಿದೆ. ಆಮೇಲೆ ಬೆರಳಿನಿಂದ ಒಮ್ಮೆ ಜೋರಾಗಿ ತಿರುಗಿಸಿ ಬಿಡಿ. ಬಹಳ ಜನ ಎಡವುವುದು ಇಲ್ಲಿ. ಬುಗುರಿಯಂತೆ ಸುಯ್ಯೆಂದು ಬಹಳ ಹೊತ್ತು ತಿರುಗಿದರೆ ಬೇರಿಂಗ್ ಚೆನ್ನಾಗಿದೆ ಎಂದುಕೊಳ್ಳುತ್ತಾರೆ. ಅದು ಒಳಗಿನ ಗ್ರೀಸ್ ಒಣಗಿದ ಲಕ್ಷಣ. ಗ್ರೀಸ್ ತುಂಬಿರುವ ಬೇರಿಂಗ್ ಸದ್ದಿಲ್ಲದೆ ಒಂದೆರಡು ಸುತ್ತು ತಿರುಗಿ ತಾನಾಗಿ ನಿಲ್ಲುತ್ತದೆ. ಜೋಳ ಬೀಸಿದಂತೆ ಕೈಗೆ ಗರಗರ ತಾಗಿದರಂತೂ ಬೇರೆ ಪರೀಕ್ಷೆಯೇ ಬೇಡ.

ಡೀಸೆಲ್ ಕಾರಿನವರು ಡೈನಮೋದ ಪುಲ್ಲಿಯನ್ನೂ ಒಮ್ಮೆ ನೋಡಬೇಕು. ಕೆಲವು ಕಾರುಗಳಲ್ಲಿ ಅದು ಸೈಕಲ್ಲಿನ ಫ್ರೀವೀಲ್ ಇದ್ದ ಹಾಗೆ, ಒಂದು ದಿಕ್ಕಿಗೆ ಮಾತ್ರ ಹಿಡಿಯುತ್ತದೆ. ಅದು ಎರಡೂ ದಿಕ್ಕಿಗೆ ಹಿಡಿಯತೊಡಗಿದರೆ ಎಂಜಿನ್ನಿನ ಪ್ರತಿ ಹೊಡೆತವೂ ಬೆಲ್ಟಿಗೆ ತಾಗಿ, ಟೆನ್ಷನರಿನ ತೋಳು ಒಂದೇ ಸಮನೆ ನಡುಗುತ್ತದೆ. ಹೊಸ ಟೆನ್ಷನರ್ ಹಾಕಿದರೂ ಬೇಗ ಹಾಳಾಗುತ್ತದೆ.

ಇನ್ನು ರಿಪೇರಿ. ನಾನು ಮೊದಲು ಹಿಡಿದದ್ದು ಅಗ್ಗದ ದಾರಿ, ಬೇರಿಂಗ್ ಮಾತ್ರ ಬದಲಿಸುವುದು. ನನ್ನ ಐಡ್ಲರ್ ಪುಲ್ಲಿ ಉಕ್ಕಿನ ತಗಡಿನದು; ಬೇರಿಂಗ್ ಒಂದು ಲಾಕಿನ ಹಿಂದೆ ಕೂತಿತ್ತು. ಅದರ ಮೇಲೆ 6203 ಎಂದಿತ್ತು: ಒಳಗಿನ ರಂಧ್ರ 17 ಮಿಲಿಮೀಟರ್, ಹೊರಗಿನ ವ್ಯಾಸ 40, ದಪ್ಪ 12. ನೀರಿನ ಮೋಟರಿಗೂ ಬೇಡಿಕೆ ಇರುವ ಅಳತೆ ಇದು. ಯಾವ ಬೇರಿಂಗ್ ಅಂಗಡಿಯಲ್ಲೂ ಸಿಗುತ್ತದೆ. ಕಾರಿಗೆ ಬೇಕಾದದ್ದು ಎರಡೂ ಬದಿಗೆ ರಬ್ಬರ್ ಸೀಲ್ ಇರುವ 2ಆರ್‌ಎಸ್. ಬಿಸಿಗೆ ಹಿಗ್ಗಲು ಒಳಗೆ ಸ್ವಲ್ಪ ಹೆಚ್ಚು ಜಾಗ ಬಿಟ್ಟಿರುವ ಸಿ3 ಸಿಕ್ಕರೆ ಇನ್ನೂ ಒಳ್ಳೆಯದು. ಹೆಸರಾಂತ ಕಂಪನಿಗಳ ನಕಲಿ ಬೇರಿಂಗುಗಳು ಮಾರುಕಟ್ಟೆಯಲ್ಲಿ ಓಡಾಡುತ್ತಿರುವುದರಿಂದ ಅಧಿಕೃತ ಮಾರಾಟಗಾರರಲ್ಲೇ, ಬಿಲ್ ಪಡೆದು ಕೊಳ್ಳಿ.

ಇದನ್ನು ಎರಡು ಸಲ ಮಾಡಿಸಿದೆ. ಎರಡು ಸಲದ ಫಲ ಬೇರೆ ಬೇರೆ. ಮೊದಲ ಸಲ ಒಂದು ವರ್ಕ್‌ಶಾಪಿನಲ್ಲಿ ಹೊಸ ಬೇರಿಂಗಿನ ಒಳ ಬಳೆಯ ಮೇಲೆ ಪೈಪ್ ಇಟ್ಟು ಸುತ್ತಿಗೆಯಿಂದ ಬಡಿದು ಕೂರಿಸಿದರು. ನಾಲ್ಕು ತಿಂಗಳಿಗೆ ಮತ್ತೆ ಗರಗರ. ಎರಡನೆಯ ಸಲ ಹಳೇ ಹುಬ್ಬಳ್ಳಿಯ ಹಿರಿಯ ಲೇತ್ ಮಿಸ್ತ್ರಿಯೊಬ್ಬರ ಬಳಿಗೆ ಹೋದೆ. ಅವರು ಸುತ್ತಿಗೆಯನ್ನು ಮುಟ್ಟಲೇ ಇಲ್ಲ. "ತಮ್ಮಾ, ಒಳ ಬಳೆಗೆ ಪೆಟ್ಟು ಬಿದ್ದರೆ ಆ ಪೆಟ್ಟು ಗುಂಡುಗಳ ಮೂಲಕವೇ ಹೊರ ಬಳೆಗೆ ಹೋಗುತ್ತದೆ. ಗುಂಡು ಕೂತಲ್ಲೆಲ್ಲ ಕುಳಿ ಬೀಳುತ್ತದೆ. ಹೊಸದನ್ನು ಹಾಕುವಾಗಲೇ ಹಳೆಯದು ಮಾಡಿದ ಹಾಗೆ" ಎಂದರು. ಹೊರ ಬಳೆಯ ಅಳತೆಗೆ ಸರಿಯಾದ ಬುಷ್ ಇಟ್ಟು, ಪ್ರೆಸ್ಸಿನಲ್ಲಿ ಮೆಲ್ಲಗೆ ಒತ್ತಿ ಕೂರಿಸಿದರು. ಬೇರಿಂಗ್, ಮಜೂರಿ ಸೇರಿ ಖರ್ಚಾದದ್ದು ನಾಲ್ಕುನೂರು ರೂಪಾಯಿ. ಆ ಬೇರಿಂಗ್ ಇಂದಿಗೂ ಕಾರಿನಲ್ಲಿದೆ, ಸದ್ದಿಲ್ಲ. ಒಂದೇ ಅಳತೆಯ ಬೇರಿಂಗ್ ನಾಲ್ಕು ತಿಂಗಳಿಗೆ ಮುಗಿದದ್ದಕ್ಕೂ ವರ್ಷ ದಾಟಿ ಓಡುತ್ತಿರುವುದಕ್ಕೂ ನಡುವೆ ನನಗೆ ಕಂಡ ವ್ಯತ್ಯಾಸ ಕೂರಿಸಿದ ಕೈಯೊಂದೇ. ಅವರ ಮೇಲೆ ನನಗಿರುವ ಗೌರವಕ್ಕೆ ಕಾರಣವೂ ಅದೇ.

ಈ ದಾರಿಗೆ ಒಂದು ಮಿತಿ ಇದೆ. ಪ್ಲಾಸ್ಟಿಕ್ ಪುಲ್ಲಿಗಳಲ್ಲಿ ಅನೇಕವನ್ನು ಬೇರಿಂಗಿನ ಸುತ್ತಲೇ ಎರಕ ಹೊಯ್ದಿರುತ್ತಾರೆ. ಅಂಥದ್ದರಿಂದ ಬೇರಿಂಗನ್ನು ಒತ್ತಿ ತೆಗೆದರೆ ಪ್ಲಾಸ್ಟಿಕ್ ಸೀಳುತ್ತದೆ, ಇಲ್ಲವೇ ಹೊಸ ಬೇರಿಂಗ್ ಸಡಿಲವಾಗಿ ಕೂರುತ್ತದೆ. ಅಲ್ಲಿ ಉಳಿತಾಯಕ್ಕೆ ಹೋಗಬೇಡಿ.

ನನ್ನ ಟೆನ್ಷನರಿನ ತುದಿಯಲ್ಲಿದ್ದದ್ದು ಅಂಥದ್ದೇ ಪ್ಲಾಸ್ಟಿಕ್ ಪುಲ್ಲಿ. ಅದು ಹೋದಾಗ ಅಂಗಡಿಯಲ್ಲಿ ಸಿಗುವ, ಹೆಸರಿಲ್ಲದ ಡಬ್ಬಿಯ ಸಿದ್ಧ ಪುಲ್ಲಿಯನ್ನು ತಂದು ಹಾಕಿದೆ. ಬೆಲೆ ಆರುನೂರು. ಬೇರಿಂಗ್ ಏನೋ ನುಣುಪಾಗಿಯೇ ತಿರುಗುತ್ತಿತ್ತು. ಆದರೆ ನಾಲ್ಕೇ ದಿನಕ್ಕೆ ಚಿಲಿಪಿಲಿ ಶುರುವಾಯಿತು. ನೀರು ಸಿಂಪಡಿಸಿದರೆ ನಿಲ್ಲುತ್ತಿತ್ತು, ಆರಿದ ಮೇಲೆ ಮತ್ತೆ ಬರುತ್ತಿತ್ತು. ಬಿಚ್ಚಿ ಹಳೆಯದರ ಪಕ್ಕ ಇಟ್ಟು, ಉಕ್ಕಿನ ಸ್ಕೇಲ್ ಹಿಡಿದು ನೋಡಿದಾಗ ಬೇರಿಂಗ್ ಕೂತ ಜಾಗ ಒಂದು ಮಿಲಿಮೀಟರಿಗೂ ಹೆಚ್ಚು ಸರಿದಿತ್ತು. ಹೊಸ ಬೆಲ್ಟಿನ ಅಂಚಿನಲ್ಲಿ ಆಗಲೇ ನೂಲು ಎದ್ದಿತ್ತು. ಆರುನೂರರ ಪುಲ್ಲಿಯಲ್ಲಿ ದುಡ್ಡು ಉಳಿಸಲು ಹೋಗಿ ಸಾವಿರದ ಬೆಲ್ಟನ್ನು ಕಳೆದುಕೊಂಡೆ. ಮೂರರಲ್ಲಿ ನಾನು ಯಾರಿಗೂ ಹೇಳದ ದಾರಿ ಇದು. ಅಂಗಡಿಯ ಸಿದ್ಧ ಪುಲ್ಲಿಯೇ ಬೇಕೆಂದರೆ ಹಳೆಯದನ್ನು ಅಂಗಡಿಗೆ ಒಯ್ದು, ಗಾಜಿನ ಮೇಜಿನ ಮೇಲೆ ಎರಡನ್ನೂ ಮಲಗಿಸಿ ಎತ್ತರವನ್ನು ತಾಳೆ ನೋಡಿ. ಹಾಗೆ ನೋಡಲು ಒಪ್ಪದ ಅಂಗಡಿಯಿಂದ ಹೊರಗೆ ಬನ್ನಿ.

ಕೊನೆಗೆ ಕಾರು ಕಂಪನಿಯ ಮೂಲ ಟೆನ್ಷನರನ್ನೇ, ಸ್ಪ್ರಿಂಗು, ತೋಳು, ಪುಲ್ಲಿ ಎಲ್ಲ ಸೇರಿದ್ದನ್ನು ಹಾಕಿದೆ. ಮೂರು ಸಾವಿರ ದಾಟಿತು. ಗೋಕುಲ ರಸ್ತೆಯಲ್ಲಿ ಆರ್ಡರ್ ಕೊಟ್ಟು ಐದು ದಿನ ಕಾಯಬೇಕಾಯಿತು. ದುಬಾರಿ ಅನ್ನಿಸಿತು. ಆದರೆ ಹಳೆಯದನ್ನು ಬಿಚ್ಚಿ ನೋಡಿದಾಗ ಪುಲ್ಲಿಯಷ್ಟೇ ಅಲ್ಲ, ತೋಳಿನ ಬುಷ್ ಕೂಡ ಸವೆದು ಒಂದು ಬದಿಗೆ ವಾಲಿತ್ತು. ಅಂಥ ತೋಳಿಗೆ ಎಷ್ಟು ಒಳ್ಳೆಯ ಪುಲ್ಲಿ ಹಾಕಿದರೂ ಬೆಲ್ಟು ನೇರ ಓಡುವುದಿಲ್ಲ. ಟೆನ್ಷನರಿನ ವಿಷಯದಲ್ಲಿ ಪೂರ್ತಿ ಬದಲಿಸುವುದೇ ಸರಿ ಎಂಬುದು ಅಂದಿನಿಂದ ನನ್ನ ಗಟ್ಟಿ ಅಭಿಪ್ರಾಯ. ಬಿಚ್ಚುವಾಗ ಒಂದು ಎಚ್ಚರಿಕೆ: ಕೆಲವು ಟೆನ್ಷನರ್ ಪುಲ್ಲಿಗಳ ಬೋಲ್ಟಿಗೆ ಎಡಗೈ ಮರೆ (ಉಲ್ಟಾ ಥ್ರೆಡ್) ಇರುತ್ತದೆ. ಬಿಗಿಯಾಗಿದೆ ಎಂದು ಪಾನಾಕ್ಕೆ ಪೈಪ್ ಸಿಕ್ಕಿಸಿ ಎಳೆಯುವ ಮೊದಲು ಅದು ಯಾವ ಕಡೆಗೆ ಬಿಚ್ಚುತ್ತದೆ ಎಂದು ನೋಡಿಕೊಳ್ಳಿ.

ಬೇರಿಂಗಿಗೆ ಎಣ್ಣೆಯ ಸ್ಪ್ರೇ ಹೊಡೆಯುವುದನ್ನು ಹೋಲಿಕೆಗೇ ಸೇರಿಸಲಿಲ್ಲ. ಎರಡು ದಿನ ಸದ್ದು ಅಡಗುತ್ತದೆ, ಉಳಿದ ಗ್ರೀಸೂ ತೊಳೆದು ಹೋಗುತ್ತದೆ. ಸರ್ವಿಸಿಂಗಿನಲ್ಲಿ ಎಂಜಿನ್ನಿಗೆ ನೇರವಾಗಿ ಜೋರು ನೀರು ಬಿಡುವುದೂ ಸೀಲಿಗೆ ಕೆಡುಕೇ. ಒಕ್ಕಣೆಯ ದಿನಗಳಲ್ಲಿ ಗದಗ ರಸ್ತೆಯ ಎರೆಮಣ್ಣಿನ ಧೂಳು ಬಾನೆಟ್ಟಿನ ಒಳಗೆಲ್ಲ ತುಂಬಿದಾಗ ನಾನು ಒಣ ಬ್ರಷ್ಷಿನಿಂದಲೇ ಒರೆಸುತ್ತೇನೆ.

ಈಗ ನನ್ನ ಕಾರಿನಲ್ಲಿರುವುದು ಪ್ರೆಸ್ಸಿನಲ್ಲಿ ಕೂರಿಸಿದ ಬೇರಿಂಗಿನ ಉಕ್ಕಿನ ಐಡ್ಲರ್, ಮೂಲ ಟೆನ್ಷನರ್, ಮತ್ತೊಂದು ಹೊಸ ಬೆಲ್ಟು. ಏರ್ ಫಿಲ್ಟರ್ ತೆಗೆದಾಗಲೆಲ್ಲ ಬೆಲ್ಟಿನ ಅಂಚನ್ನು ನೋಡುತ್ತೇನೆ, ಎಂಜಿನ್ ಐಡಲ್‌ನಲ್ಲಿರುವಾಗ ಟೆನ್ಷನರಿನ ತೋಳು ನಡುಗುತ್ತಿದೆಯೇ ಎಂದು ಗಮನಿಸುತ್ತೇನೆ. ಮೊದಲು ಸುಮ್ಮನೆ ಬದಲಿಸಿದ್ದ ಹಳೆಯ ಬೆಲ್ಟು ಇನ್ನೂ ಗಟ್ಟಿಯಾಗಿದೆ. ಅದು ಒಂದು ಪಾನಾದ ಜೊತೆ ಡಿಕ್ಕಿಯಲ್ಲಿದೆ.