ಬೆಂಗಳೂರು–ಸಿಡ್ನಿ ನೇರ ವಿಮಾನ: ಮಂಡಿನೋವಿನವರಿಗೆ ಇದೇ ಸರಿ

ಮಗಳ ಬಾಣಂತನಕ್ಕೆ ಅಂತ 2024ರ ಜೂನ್‌ನಲ್ಲಿ ನಾನು, ನಮ್ಮನೆಯವರು ಸಿಡ್ನಿಗೆ ಹೋಗಿದ್ದೆವು. ಈ ಸಲ ಆಸ್ಟ್ರೇಲಿಯಾದ ವಿಮಾನ ಕಂಪನಿ ಕ್ವಾಂಟಾಸ್‌ನ ನೇರ ವಿಮಾನ. 2022ರ ಸೆಪ್ಟೆಂಬರ್‌ನಲ್ಲಿ ಶುರುವಾದದ್ದು.

ಅದಕ್ಕೂ ಮುಂಚೆ ಒಂದು ಸಲ ಮಧ್ಯೆ ಇಳಿದು, ಇನ್ನೊಂದು ವಿಮಾನ ಹತ್ತಿ ಹೋಗಿದ್ದೆವು. ಆರು ಗಂಟೆ ಕುರ್ಚಿಯಲ್ಲೇ ಕಾಯಬೇಕಾಯಿತು. ಇವರಿಗೆ ಮಂಡಿನೋವು ಬೇರೆ. ಸಿಡ್ನಿಯಲ್ಲಿ ಇಳಿಯುವಾಗ ಪಾದ ಊದಿಕೊಂಡು ಚಪ್ಪಲಿಯೇ ಹಿಡಿಸಲಿಲ್ಲ. ಮಗಳು ಅವತ್ತು ಅತ್ತೇಬಿಟ್ಟಳು.

ದೂರದ ಲೆಕ್ಕ ನೋಡಿದರೆ ಆಶ್ಚರ್ಯವಾಗುತ್ತದೆ. ಬೆಂಗಳೂರಿನಿಂದ ಸಿಡ್ನಿಗೆ ನೇರವಾಗಿ ಸುಮಾರು 9,350 ಕಿ.ಮೀ. ಸಿಂಗಪುರದ ಮೇಲೆ ಹೋದರೂ 150 ಕಿ.ಮೀ. ಕೂಡ ಜಾಸ್ತಿಯಾಗುವುದಿಲ್ಲ, ಅದು ಹೆಚ್ಚುಕಮ್ಮಿ ದಾರಿಯಲ್ಲೇ ಇದೆ. ಹೊತ್ತು ಹೋಗುವುದೆಲ್ಲ ಇಳಿದು ಹತ್ತುವುದರಲ್ಲಿ, ಕಾಯುವುದರಲ್ಲಿ. ಹಾಗಾಗಿ ಟಿಕೆಟ್ ತೆಗೆಸುವಾಗ ಕಿಲೋಮೀಟರ್ ನೋಡಬೇಡಿ, ಮನೆ ಬಾಗಿಲಿಂದ ಮನೆ ಬಾಗಿಲಿಗೆ ಎಷ್ಟು ಗಂಟೆ ಅಂತ ನೋಡಿ.

ವಿಮಾನ ಸಂಜೆ ಹೊರಡುತ್ತದೆ. ಹಾಸನದಿಂದ ಬೆಳಿಗ್ಗೆ ತಿಂಡಿ ತಿಂದು ಕಾರಿನಲ್ಲಿ ಹೊರಟವರಿಗೆ ಏನೂ ಗಡಿಬಿಡಿಯಾಗಲಿಲ್ಲ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸೀಟಿನ ಜೋಡಣೆ. ನಾವು ಹತ್ತಿದ ಏರ್‌ಬಸ್ ಎ330 ವಿಮಾನದ ಎಕಾನಮಿಯಲ್ಲಿ ಕಿಟಕಿ ಪಕ್ಕ ಎರಡೆರಡು, ನಡುವೆ ನಾಲ್ಕು. ಕಿಟಕಿ ಹತ್ತಿರ ನಾನು, ಓಡಾಡುವ ದಾರಿಯ ಕಡೆ ಇವರು. ಗಂಟೆಗೊಮ್ಮೆ ಎದ್ದು, ಯಾರನ್ನೂ ದಾಟದೆ, ಹಿಂದಿನವರೆಗೆ ನಡೆದು ಬರುತ್ತಿದ್ದರು. ಸಸ್ಯಾಹಾರ ಬೇಕು ಅಂತ ಮೊದಲೇ ಬರೆಸಿದ್ದೆವು. ಅನ್ನ, ಬೇಳೆ, ಬಿಸಿಯಾಗಿಯೇ ಬಂತು.

ಹನ್ನೊಂದು ಗಂಟೆ ಚಿಲ್ಲರೆಗೆ ಸಿಡ್ನಿ. ಅಲ್ಲಿ ಚಳಿಗಾಲ, ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಮುಂದೆ. ಇಳಿದಾಗ ಹೊತ್ತೇರಿತ್ತು, ಒಳ್ಳೆ ಬಿಸಿಲು.

ತಿಂಡಿ ತೆಗೆದುಕೊಂಡು ಹೋಗುವವರು, ಏನೇನು ತಂದಿದ್ದೀರಿ ಅಂತ ಬರೆಯಲು ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ಏನನ್ನೂ ಮುಚ್ಚಿಡಬೇಡಿ. ನಾನು ಅಂಟಿನ ಉಂಡೆ, ಹುಳಿಪುಡಿ, ಕರಿಬೇವು ಎಲ್ಲಾ ಬರೆದೆ. ಅಧಿಕಾರಿ ಡಬ್ಬಿ ಮುಚ್ಚಳ ತೆಗೆಸಿ ಒಂದು ಉಂಡೆ ನೋಡಿದರು, ಬಾಣಂತಿಗೆ ಅಂದೆ, ನಕ್ಕು ಬಿಟ್ಟುಕೊಟ್ಟರು. ಕರಿಬೇವು ಮಾತ್ರ ತೆಗೆದಿಟ್ಟರು. ಹೇಳಿದ್ದರಿಂದ ದಂಡ ಬೀಳಲಿಲ್ಲ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ ಬೀಳಬಹುದು.

ಹೊರಗೆ ಬಂದಾಗ ಮಗಳು ಮೊದಲು ನೋಡಿದ್ದು ಅಪ್ಪನ ಪಾದ. ಊದಿರಲಿಲ್ಲ. ಚಪ್ಪಲಿ ಹಾಕಿಕೊಂಡೇ ಕಾರಿನವರೆಗೆ ನಡೆದರು.

ವಾಪಸ್ ಬರುವಾಗ ಒಂದು ಗಂಟೆ ಜಾಸ್ತಿಯೇ ಹಿಡಿಯಿತು, ಗಾಳಿ ಎದುರು ಬೀಸುತ್ತದಲ್ವಾ. ಬೆಳಿಗ್ಗೆ ಹೊರಟು ಸಂಜೆ ಬೆಂಗಳೂರು. ದಾರಿಯುದ್ದಕ್ಕೂ ಹಗಲೇ ಇರುವುದರಿಂದ ನಿದ್ದೆ ಬರುವುದಿಲ್ಲ. ಒಂದು ಪುಸ್ತಕ ಇಟ್ಟುಕೊಳ್ಳಿ.